ಶಿಕ್ಷಕರ ಸಂಶೋಧನೆ ಕಪಾಟಿನಿಂದ ತರಗತಿಗೆ ಬರಲಿ

ಪುಣೆ: 2019ರ ಜೂನ್‌ನಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕವೊಂದು ಮಹಾರಾಷ್ಟ್ರದಾದ್ಯಂತ ಭಾರೀ ವಿವಾದಕ್ಕೆ ಕಾರಣವಾಗಿದ್ದು ಓದುಗರಿಗೆ ನೆನಪಿರಬಹುದು. ನಗರದ ಬಾಲಭಾರತಿ ಪ್ರಕಟಿಸಿದ ಆ ಪುಸ್ತಕದಲ್ಲಿ ‘ಏಕವೀಸ್’ ಎನ್ನುವುದರ ಜೊತೆಗೆ ‘ವೀಸ್ ಏಕ್’ ಎಂದು ಓದುವ ಕ್ರಮವನ್ನೂ ಕೊಡಲಾಗಿತ್ತು. ಮರಾಠಿಗೆ ಅಪಚಾರವಾಯಿತೆಂದು ಕೂಗೆದ್ದಿತು. ವಿಧಾನಸಭೆಯಲ್ಲೂ ಪ್ರಸ್ತಾಪವಾಯಿತು. ಗಣಿತಜ್ಞೆ ದಿ. ಮಂಗಳಾ ನಾರಳೀಕರ್ ಈ ಬದಲಾವಣೆಯನ್ನು ಸಮರ್ಥಿಸಿದ್ದರು.

ವಿಷಯ ಸರಳವಾದದ್ದು. ‘ತ್ರೇಚಾಳೀಸ್’ ಎಂದಾಗ ಮಗುವಿನ ಕಿವಿಗೆ ಮೊದಲು ಬೀಳುವುದು ಮೂರು. ಆದರೆ ಮೊದಲು ಬರೆಯಬೇಕಾದದ್ದು ನಾಲ್ಕು. 43ರ ಬದಲು 34 ಬರೆದರೆ ಮಗುವನ್ನು ದೂರುವಂತಿಲ್ಲ. ಕನ್ನಡದಲ್ಲಿ ಈ ತೊಡಕಿಲ್ಲ. ‘ನಲವತ್ತಮೂರು’ ಎಂದು ಹೇಳಿದಂತೆಯೇ ಬರೆದರಾಯಿತು. ಹಾಗಾದರೆ ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಕಡಿಮೆ ತಪ್ಪು ಮಾಡುತ್ತಾರೆಯೇ? ಎರಡೂ ಭಾಷೆಯ ಶಾಲೆಗಳಿರುವ ಪುಣೆಯಲ್ಲಿ ಇದನ್ನು ಪರೀಕ್ಷಿಸಲು ಒಬ್ಬ ಶಿಕ್ಷಕಿ, ಎರಡು ತರಗತಿ, ಒಂದು ನೋಟ್‌ಬುಕ್ ಸಾಕು. ಅಭಿಮಾನದ ಮಾತಿನ ಗದ್ದಲದಲ್ಲಿ ಈ ಲೆಕ್ಕ ಹಿಂದೆ ಬಿತ್ತು.

1967ರಲ್ಲಿ ಸ್ಥಾಪನೆಯಾದ ಬಾಲಭಾರತಿಯ ಪೂರ್ಣ ಹೆಸರಿನಲ್ಲಿ ಪಠ್ಯಪುಸ್ತಕ ನಿರ್ಮಿತಿಯೊಂದಿಗೆ ಪಠ್ಯಕ್ರಮ ಸಂಶೋಧನೆಯೂ ಸೇರಿದೆ. ಕನ್ನಡ ಮಾಧ್ಯಮದ ಪುಸ್ತಕಗಳೂ ಅಲ್ಲಿಂದಲೇ ಬರುತ್ತವೆ. ಅಕ್ಕಲಕೋಟೆ, ಜತ್ತ ತಾಲೂಕುಗಳ ಮಕ್ಕಳು ಓದುವುದೂ ಇವನ್ನೇ. ಪುಸ್ತಕದಲ್ಲಿ ಯಾವ ಪಾಠ ಕಠಿಣ, ಯಾವ ಪದ ಮಕ್ಕಳಿಗೆ ತಿಳಿಯದು ಎಂಬುದು ದಿನವೂ ಕಲಿಸುವವರಿಗೆ ಗೊತ್ತು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿಯೇ ಶಿಕ್ಷಕನೇ ಸಂಶೋಧಕನಾಗಬೇಕೆಂದು ಪ್ರತಿಪಾದಿಸಿದರು. ನಮ್ಮಲ್ಲಿ ಬಿ.ಎಡ್.ನಲ್ಲಿ ಕ್ರಿಯಾ ಸಂಶೋಧನೆ, ಎಂ.ಎಡ್.ನಲ್ಲಿ ಪ್ರಬಂಧ ಇದ್ದೇ ಇದೆ.

ಆದರೆ ಪ್ರಬಂಧಕ್ಕೆ ರಟ್ಟು ಕಟ್ಟಿಸಿ ಕಾಲೇಜಿಗೆ ಒಪ್ಪಿಸಿದರೆ ಮುಗಿಯಿತು ಎಂಬ ಸ್ಥಿತಿಯೇ ಹೆಚ್ಚು. ಪದವಿ ಸಿಗುತ್ತದೆ, ತರಗತಿ ಹಾಗೆಯೇ ಉಳಿಯುತ್ತದೆ. 2015ರಲ್ಲಿ ಎಂ.ಎಡ್. ಎರಡು ವರ್ಷದ್ದಾದ ಮೇಲೆ ಹಗಲು ದುಡಿಯುವ ಶಿಕ್ಷಕರಿಗೆ ಖರ್ಚೂ ಶ್ರಮವೂ ಹೆಚ್ಚಾಯಿತು. ಇಷ್ಟು ಕಷ್ಟಪಟ್ಟು ಮಾಡಿದ ಕೆಲಸ ಧೂಳು ತಿನ್ನುವುದು ನಷ್ಟವೇ ಸರಿ.

ಹೊರನಾಡಿನಲ್ಲಿ ಈ ನಷ್ಟ ಇನ್ನೂ ದೊಡ್ಡದು. ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದವರ ಮನೆಯ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಹೋಟೆಲ್ ಉದ್ಯಮಕ್ಕೆ ಬಂದ ಕರಾವಳಿಯ ಎಷ್ಟೋ ಮನೆಗಳಲ್ಲಿ ತುಳು. ಬೀದಿಯಲ್ಲಿ ಮರಾಠಿ. 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇಷ್ಟು ಭಾಷೆಗಳ ನಡುವೆ ಮಗು ಹೇಗೆ ಓದಲು ಕಲಿಯುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಅಧ್ಯಯನ ಮಾಡಲಾಗದು. ಅದನ್ನು ಇಲ್ಲಿನ ಶಿಕ್ಷಕರೇ ಬರೆಯಬೇಕು.

ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ಸಭೆಗಳಲ್ಲಿ ಮರುಗುವ ಸಂಘಗಳು ಈ ನಿಟ್ಟಿನಲ್ಲಿ ಮೂರು ಕೆಲಸ ಮಾಡಬಹುದು. ಶಿಕ್ಷಕರ ಪ್ರಬಂಧಗಳ ಪ್ರತಿಯನ್ನು ವಾಚನಾಲಯದಲ್ಲಿ ಇಡುವುದು; ನಾಲ್ಕು ಪುಟದ ಕನ್ನಡ ಸಾರಾಂಶ ಮಾಡಿಸಿ ಜತ್ತ, ಅಕ್ಕಲಕೋಟೆಯ ಶಾಲೆಗಳಿಗೂ ಬಾಲಭಾರತಿಗೂ ಕಳುಹಿಸುವುದು; ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನದಂತೆ ವರ್ಷಕ್ಕೊಬ್ಬ ಶಿಕ್ಷಕರ ಶುಲ್ಕಕ್ಕೆ ನೆರವಾಗುವುದು. ಸನ್ಮಾನದ ಶಾಲು-ಹಾರಕ್ಕಿಂತ ಇದಕ್ಕೆ ಹೆಚ್ಚು ಖರ್ಚಾಗಬಹುದು. ಆದರೆ ಅದರ ಪ್ರಯೋಜನ ನೇರವಾಗಿ ಮಕ್ಕಳಿಗೆ ಸಲ್ಲುತ್ತದೆ.