ಬೆವರಿನ ಲೆಕ್ಕ ಕನ್ನಡದಲ್ಲಿ ಕೊಡಿ!

ಕನ್ನಡದ ಹುಡುಗರೇ, ಕಳೆದ ತಿಂಗಳು ನೀವು ಎಷ್ಟು ತಾಸು ದುಡಿದಿರಿ? ಗೇಟಿನ ಯಂತ್ರಕ್ಕೆ ಬೆರಳು ಒತ್ತಿದಿರಿ, ಒಳಗೆ ಹೋದಿರಿ. ಆ ಹೊತ್ತನ್ನು ಯಾರು ಕೂಡಿದರು, ಯಾರು ಕಳೆದರು? ಗೊತ್ತಿಲ್ಲ. ತಿಂಗಳ ಕೊನೆಗೆ ಇಂಗ್ಲಿಷಿನ ಒಂದು ಪೇ ಸ್ಲಿಪ್. ಮುಗಿಯಿತು!

ನರಸಾಪುರವನ್ನು ಮರೆತಿರಾ? ಕೋಲಾರ ಜಿಲ್ಲೆಯ ಆ ಊರಿನಲ್ಲಿ ಆಪಲ್ ಫೋನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆ. 2020ರ ಅಕ್ಟೋಬರಿನಲ್ಲಿ ಎಂಟು ತಾಸಿನ ಪಾಳಿ ಹನ್ನೆರಡಾಯಿತು. ಹಾಜರಿ ಲೆಕ್ಕ ದಾರಿ ತಪ್ಪಿತು. ಡಿಸೆಂಬರ್ 12ರ ಬೆಳಗಿನ ಜಾವ ಕಾರ್ಮಿಕರು ಸಿಡಿದರು. ಟಿ.ವಿ.ಯವರು ತೋರಿಸಿದ್ದು ಒಡೆದ ಗಾಜನ್ನು! ಗಾಜು ಒಡೆದದ್ದು ಸರಿ ಅನ್ನುವವನು ನಾನಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಆಪಲ್ ಕಂಪನಿಯೇ ಬಾಯಿಬಿಟ್ಟಿತು: ದುಡಿಮೆಯ ಹೊತ್ತನ್ನು ನೋಡಿಕೊಳ್ಳುವ ಸರಿಯಾದ ಪದ್ಧತಿ ವಿಸ್ಟ್ರಾನಿನಲ್ಲಿರಲಿಲ್ಲ, ಅದರಿಂದ ಕೆಲವರಿಗೆ ಅಕ್ಟೋಬರ್, ನವೆಂಬರಿನ ಸಂಬಳ ತಡವಾಯಿತು ಎಂದು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆ ಟಾಟಾ ಪಾಲಾಯಿತು. ಜೈಲು ಕಂಡವರು ಯಾರು? ನೂರಕ್ಕೂ ಹೆಚ್ಚು ಕಾರ್ಮಿಕರು!

‘ಕಂಪ್ಯೂಟರ್ ತಪ್ಪು ಮಾಡೋದಿಲ್ಲ’ ಅನ್ನುವ ಮ್ಯಾನೇಜರನಿಗೆ ಈ ಲೆಕ್ಕ ಕೇಳಿ. ರಾತ್ರಿ 10ಕ್ಕೆ ಒಳಬಂದವನು ಬೆಳಿಗ್ಗೆ 6ಕ್ಕೆ ಹೊರಬಂದ. ತಾರೀಖು ಬಿಟ್ಟು ಗಡಿಯಾರದ ಅಂಕಿಯನ್ನಷ್ಟೇ ಕಳೆಯುವ ಪ್ರೋಗ್ರಾಮಿಗೆ 6ರಲ್ಲಿ 22 ಹೋದರೆ ಉಳಿಯುವುದೇನು? ಸೊನ್ನೆಗಿಂತ 16 ಕಡಿಮೆ! ಇಡೀ ರಾತ್ರಿ ದುಡಿದವನೇ ಕಂಪನಿಗೆ ಸಾಲಗಾರ! ಇನ್ನೊಂದು ಕೇಳಿ. ಎಂಟೂವರೆ ತಾಸನ್ನು 8.30 ಎಂದು ಬರೆದು ಹಾಗೇ ದರಕ್ಕೆ ಗುಣಿಸಿದರೆ? ಎಂಟೂವರೆ ಅಂದರೆ 8.50. ದಿನಕ್ಕೆ 12 ನಿಮಿಷ ಮಾಯ; 26 ದಿನಕ್ಕೆ 5 ತಾಸು 12 ನಿಮಿಷ. ವಿದೇಶದ ಗಡಿಯಾರದಲ್ಲಿ ನಡೆಯುವ ಪ್ರೋಗ್ರಾಮಾದರೆ, ನಸುಕಿನ 5ಕ್ಕೆ ಇಲ್ಲಿ ಒತ್ತಿದ ಬೆರಳು ಗ್ರಿನಿಚ್ ಲೆಕ್ಕದಲ್ಲಿ ಹಿಂದಿನ ದಿನ ರಾತ್ರಿ 11.30ಕ್ಕೆ ಬೀಳುತ್ತದೆ. ಇವೆಲ್ಲ ಒಳ್ಳೆ ಪ್ರೋಗ್ರಾಮರ್ ಒಂದು ಮಧ್ಯಾಹ್ನದಲ್ಲಿ ತಿದ್ದುವ ತಪ್ಪುಗಳು. ತಿದ್ದಬೇಕಾದರೆ ಯಾರಾದರೂ ಕೇಳಬೇಕಲ್ಲ?

ನಾನು ರಾಯಚೂರಿನಲ್ಲಿ ಪ್ರೆಸ್ ನಡೆಸುವವನು, ಹಾಜರಿ ಪುಸ್ತಕ ಅಚ್ಚು ಹಾಕಿದವನು. ಆ ಪುಸ್ತಕದಲ್ಲಿ ಎಲ್ಲ ಸಾಚಾ ಇತ್ತು ಅನ್ನುವುದಿಲ್ಲ. ಮೋಸ ಅಲ್ಲೂ ಇತ್ತು. ಆದರೆ ಅಕ್ಷರ ಬಲ್ಲ ಆಳು ತನ್ನ ಸಾಲಿನ ಮೇಲೆ ಬೆರಳಿಟ್ಟು ‘ಸಾಹೇಬ್ರ, ಮಂಗಳವಾರ ನಾ ಬಂದಿದ್ನಲ್ರೀ’ ಅನ್ನಬಹುದಿತ್ತು. ಇಂದು ಮಟಮಾರಿಯಿಂದ, ಮಾನ್ವಿಯಿಂದ, ದೇವದುರ್ಗದಿಂದ ಬೆಂಗಳೂರಿಗೆ ಹೋದ ಹುಡುಗ ಬೆರಳನ್ನು ಯಂತ್ರಕ್ಕೆ ಕೊಡುತ್ತಾನೆ. ಸಾಲು ಅವನ ಕಣ್ಣಿಗೇ ಬೀಳುವುದಿಲ್ಲ. ಬಿದ್ದರೂ ಅವನ ಭಾಷೆಯಲ್ಲಿಲ್ಲ.

ಕಾರ್ಖಾನೆಯ ನೋಟೀಸು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಗೋಡೆಯ ನೋಟೀಸಿಗೆ ಕನ್ನಡ ಬೇಕಾದರೆ ಹೊಟ್ಟೆಯ ಲೆಕ್ಕಕ್ಕೆ ಬೇಡವೇ? ಓ.ಟಿ.ಗೆ ದುಪ್ಪಟ್ಟು ಕೂಲಿ ಎಂಬ ನಿಯಮ ಅಂದೂ ಇತ್ತು, 2025ರ ನವೆಂಬರಿನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆಯಲ್ಲೂ ಇದೆ. ಓ.ಟಿ. ಎಷ್ಟು ತಾಸು ಎಂದೇ ತಿಳಿಯದವನು ದುಪ್ಪಟ್ಟು ಕೇಳುವುದು ಹೇಗೆ?

ಇಂಗ್ಲಿಷ್ ಬೋರ್ಡಿನ ವಿರುದ್ಧ ಗೇಟಿನ ಮುಂದೆ ಕೂಗುವ ಗೆಳೆಯರೇ, ಕೂಗಿ. ಜತೆಗೆ ಇದನ್ನೂ ಬರೆದು ಕೊಡಿ: ಒಳಬಂದ ಹೊತ್ತು, ಹೊರಹೋದ ಹೊತ್ತು, ಕಡಿತದ ಕಾರಣ, ಓ.ಟಿ. ಎಷ್ಟು — ದಿನದ ಪಟ್ಟಿ ಪ್ರತಿಯೊಬ್ಬನ ಮೊಬೈಲಿಗೆ ಕನ್ನಡದಲ್ಲಿ ಬರಬೇಕು. ಕನ್ನಡ ಬಲ್ಲ ಪ್ರೋಗ್ರಾಮರುಗಳಿಗೆ ಬೆಂಗಳೂರಿನಲ್ಲಿ ಬರವೇ? ಅದು ಬರುವವರೆಗೆ ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಬೆರಳು ಒತ್ತಿದ ಕೂಡಲೇ ತಾರೀಖು, ಹೊತ್ತು ಎರಡನ್ನೂ ಬರೆಯಿರಿ.