ಕಪ್ ನೋಡಿ ಕೋಚ್ ಅಳೆಯಬೇಡಿ



ಅಂತರ ಕಾಲೇಜು ಪಂದ್ಯಾವಳಿ ಮುಗಿದೊಡನೆ ನಮ್ಮ ಭಾಗದಲ್ಲಿ ಕೇಳಿಬರುವ ಮಾತು: ಕಪ್ ಬರಲಿಲ್ಲ, ಬ್ಯಾಸ್ಕೆಟ್‌ಬಾಲ್ ಕೋಚ್‌ರನ್ನು ಮುಂದುವರಿಸಬೇಕೇ? ಪ್ರಶ್ನೆ ಸರಿ, ಅಳತೆಗೋಲು ತಪ್ಪು.

ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಿಂದ ಹೊಸಪೇಟೆಗೆ ಓದಲು ಬರುವ ಎಷ್ಟೋ ಮಕ್ಕಳು ಕಬಡ್ಡಿ, ಕೊಕ್ಕೊ ಆಡಿ ಬೆಳೆದವರು. ಬ್ಯಾಸ್ಕೆಟ್‌ಬಾಲ್ ಮುಟ್ಟುವುದೇ ಕಾಲೇಜಿಗೆ ಬಂದ ಮೇಲೆ. ಶಾಲೆಯಿಂದಲೇ ಆಡಿಬಂದವರೆದುರು ಅವರು ಸೋತರೆ ಅದು ಕೋಚ್ ತಪ್ಪೇ? ನೋಡಬೇಕಾದದ್ದು ಬೇರೆ. ಮೊದಲ ವರ್ಷ ಬಲಗೈಯಲ್ಲಷ್ಟೇ ಚೆಂಡು ಪುಟಿಸುತ್ತಿದ್ದ ಹುಡುಗಿ ಮೂರನೇ ವರ್ಷ ಎಡಗೈಯಲ್ಲೂ ನುಗ್ಗುತ್ತಾಳೆಯೇ? ಫ್ರೀ ಥ್ರೋ ಸುಧಾರಿಸಿದೆಯೇ? ಬೆಂಚಿನಲ್ಲಿ ಕೂತವರಿಗೂ ಅಂಕಣ ಸಿಕ್ಕಿತೇ? ಮಂಡಿ ನೋವಿದ್ದವರನ್ನು ಬಲವಂತವಾಗಿ ಆಡಿಸಿದರೇ?

ತಂಡ ಕಟ್ಟಲು ಕಾಲ ಬೇಕು, ಕಪ್ ಆಮೇಲಿನ ಮಾತು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಜಾನ್ ವುಡನ್ ಕೋಚ್ ಆಗಿ ಬಂದದ್ದು 1948ರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1964ರಲ್ಲಿ. 1975ರ ಹೊತ್ತಿಗೆ ಅಂಥ ಪ್ರಶಸ್ತಿಗಳು 10 ಆಗಿದ್ದವು. ನಮ್ಮ ರಾಹುಲ್ ದ್ರಾವಿಡ್ ಕೂಡ 19 ವರ್ಷದೊಳಗಿನವರ ಕ್ರಿಕೆಟ್ ತಂಡದ ಕೋಚ್ ಆಗಿದ್ದಾಗ ಒಬ್ಬರಿಗೆ ಒಂದೇ ವಿಶ್ವಕಪ್ ಎಂಬ ನಿಲುವು ತಳೆದರು. ಕಪ್‌ಗಿಂತ ಹುಡುಗರ ಬೆಳವಣಿಗೆ ಮುಖ್ಯ ಎಂದರು.

ಹಾಗೆಂದು ಯಾರನ್ನೂ ಕಣ್ಣುಮುಚ್ಚಿ ಇಟ್ಟುಕೊಳ್ಳಬೇಕಿಲ್ಲ. ಪದವಿಯ ಮೂರು ವರ್ಷದಲ್ಲಿ ಆಟಗಾರರು ಇದ್ದಲ್ಲೇ ಇದ್ದರೆ, ಕಪ್ ಬಂದಿದ್ದರೂ ಆ ಕೋಚ್ ಬದಲಾಗಲಿ. ಅದಕ್ಕಾಗಿ ಕಾಲೇಜುಗಳು ಆಟಗಾರರು ಸೇರಿದಾಗಲೇ ಪ್ರತಿಯೊಬ್ಬರ ಮಟ್ಟ ಬರೆದಿಟ್ಟು, ವರ್ಷಕ್ಕೊಮ್ಮೆ ಹೋಲಿಸಿ ನೋಡಲಿ. ಓದು ಮುಗಿಸಿ ಹೋದ ಆಟಗಾರರನ್ನೂ ಕೇಳಲಿ. ಊರಿನ ಬಸ್ ತಪ್ಪುತ್ತದೆಂದು ಸಂಜೆಯ ಅಭ್ಯಾಸ ಬಿಡುವ ಮಕ್ಕಳಿಗೆ ಬೆಳಗಿನ ಹೊತ್ತು ಅಂಕಣ ತೆರೆಯುವುದು ಆಡಳಿತದ ಹೊಣೆ. ಅದನ್ನು ಕೋಚ್ ಲೆಕ್ಕಕ್ಕೆ ಹಾಕಬಾರದು.

– ಓದುಗ, ಹೊಸಪೇಟೆ