ಹೊಳೆ ದಂಡೆ ಖರಾಬು ಜಾಗ ಅಲ್ಲ



ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

2023ರ ಮಾರ್ಚ್ 12ರಂದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಮಾಡಿದರು. 118 ಕಿ.ಮೀ. ರಸ್ತೆ, ಸುಮಾರು 8,480 ಕೋಟಿ ರೂಪಾಯಿ. ಒಂದು ವಾರ ತುಂಬಿರಲಿಲ್ಲ, ಒಂದು ರಾತ್ರಿಯ ಮಳೆಗೆ ರಾಮನಗರದ ಹತ್ತಿರ ಸಂಗಬಸವನದೊಡ್ಡಿ ಅಂಡರ್‌ಪಾಸ್ ಕೆರೆ ಆಗಿ ಕೂತಿತು. ಕಾರುಗಳು ಮುಳುಗಿದ ಫೋಟೊ ನೀವೆಲ್ಲ ನೋಡಿದ್ದೀರಿ, ನಕ್ಕಿದ್ದೀರಿ. ನಾನೂ ನಕ್ಕೆ. ಆದರೆ ಆಮೇಲೆ ಹೆದ್ದಾರಿ ಪ್ರಾಧಿಕಾರ ಒಂದು ಸ್ಪಷ್ಟನೆ ಕೊಟ್ಟಿತಲ್ಲ, ಅದನ್ನು ಎಷ್ಟು ಜನ ಓದಿದಿರಿ? ಮಾದಾಪುರ ಮತ್ತು ಸುತ್ತಲ ಹಳ್ಳಿಯ ಜನ ತಮ್ಮ ದಾರಿ ಹತ್ತಿರ ಮಾಡಿಕೊಳ್ಳಲು ಚರಂಡಿಗೆ ಮೂರು ಮೀಟರ್ ಅಗಲಕ್ಕೆ ಮಣ್ಣು ಸುರಿದಿದ್ದರಂತೆ. ಅದಕ್ಕೇ ನೀರು ನಿಂತಿತಂತೆ.

ಎಂಟು ಸಾವಿರ ಕೋಟಿಯ ರಸ್ತೆಯನ್ನು ಹಳ್ಳಿಯವರ ನಾಲ್ಕು ಬುಟ್ಟಿ ಮಣ್ಣು ಮುಳುಗಿಸಿತು ಅಂತ ಸರ್ಕಾರಿ ಕಾಗದದಲ್ಲೇ ಬರೆದರು. ಆ ಜನ ಯಾಕೆ ಮಣ್ಣು ಹಾಕಿದರು ಅಂತ ಅದೇ ವಾಕ್ಯದಲ್ಲೇ ಇದೆ ನೋಡಿ: ದಾರಿಗಾಗಿ. ಅಂದರೆ ಅವರಿಗೆ ಬೇಕಾದ ಕಡೆ ದಾರಿ ಇರಲಿಲ್ಲ. ಇದೇ ಜಾಗ ಉದ್ಘಾಟನೆಗೂ ಮುಂಚೆ, 2022ರ ಆಗಸ್ಟ್ ಕೊನೆಯಲ್ಲಿ, ಮೇಲಿನ ಕೆರೆಗಳು ಕೋಡಿ ಬಿದ್ದು ಏರಿ ಒಡೆದಾಗಲೂ ಮುಳುಗಿತ್ತು. ನೀರು ಒಂದು ಸಲ ಬಂದು "ಇದು ನನ್ನ ಜಾಗ" ಅಂತ ಹೇಳಿಹೋಗಿತ್ತು. ಆದರೂ ಕೊನೆಗೆ ತಪ್ಪು ಮಾಡಿದವರು ಹಳ್ಳಿಯವರು!

ಅದಾಗಿ ಎರಡು ಮೂರು ದಿನಕ್ಕೆ ಮಾರ್ಚ್ 20, ಮಹಾಡ್ ದಿನ. 1927ರಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ದಿನ. ನಾವು ಪ್ರತಿ ವರ್ಷ ಭಾಷಣ ಮಾಡುತ್ತೇವೆ, ಹಾರ ಹಾಕುತ್ತೇವೆ. ಕೆರೆ ನೀರು ಮುಟ್ಟುವ ಹಕ್ಕಿನ ಬಗ್ಗೆ ಮಾತಾಡುವ ನಾವು, ಆ ಕೆರೆಗೆ ನೀರು ಬರುವ ಹಳ್ಳವನ್ನು ಯಾರು ಮುಚ್ಚುತ್ತಿದ್ದಾರೆ ಅನ್ನುವುದನ್ನು ನಮ್ಮ ವಿಷಯ ಅಂದುಕೊಂಡಿಲ್ಲ. ಅದು ಪರಿಸರದವರ ಕೆಲಸ, ಹಕ್ಕಿ ಫೋಟೊ ತೆಗೆಯುವವರ ಕೆಲಸ ಅಂತ ಬಿಟ್ಟಿದ್ದೇವೆ. ನನ್ನ ತಕರಾರು ಇರೋದು ಇಲ್ಲೇ.

ಯಾಕೆ ಅಂತ ಹೇಳ್ತೀನಿ. ನಮ್ಮ ಮದ್ದೂರು, ಮಳವಳ್ಳಿ ಕಡೆ ಯಾವುದೇ ಊರಿಗೆ ಹೋಗಿ ಕೇರಿ ಎಲ್ಲಿದೆ ನೋಡಿ. ಊರು ದಿಣ್ಣೆ ಮೇಲಿದ್ದರೆ ಕೇರಿ ತಗ್ಗಲ್ಲಿ. ಕೆರೆ ಏರಿ ಹಿಂದೆ, ಹಳ್ಳದ ಪಕ್ಕ, ನಾಲೆಯ ಬಸಿನೀರು ನಿಲ್ಲೋ ಕಡೆ. ಇದು ನಾವು ಆರಿಸಿಕೊಂಡ ಜಾಗ ಅಲ್ಲ. ಆದರೆ ಇಟ್ಟ ಜಾಗದಲ್ಲೇ ಬದುಕು ಕಟ್ಟಿಕೊಂಡೆವು. ಹಳ್ಳದ ದಂಡೆಯಲ್ಲಿ ಕುರಿ ಮೇಕೆಗೆ ಹುಲ್ಲು. ಬದು ಮೇಲೆ ಹೊನಗೊನ್ನೆ, ಒಂದೆಲಗ. ಅವ್ವಂದಿರು ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತಂದರೆ ಅವತ್ತು ಬಸ್ಸಾರು. ಗದ್ದೆ ಏಡಿ, ಹಳ್ಳದ ಮೀನು. ಯಾರೂ ಬೆಲೆ ಕಟ್ಟದ ಊಟ ಇದು. ಸತ್ತ ಮೇಲೂ ಅಷ್ಟೇ. ಸ್ಮಶಾನ ಇಲ್ಲದ ಎಷ್ಟೋ ಕೇರಿಗೆ ಹಳ್ಳದ ದಂಡೆಯೇ ಸ್ಮಶಾನ. ನಮ್ಮ ತಾತ ಮುತ್ತಾತಂದಿರು ಮಲಗಿರೋದು ಅಲ್ಲೇ.

ಈ ದಂಡೆಗೆ ಪಹಣಿಯಲ್ಲಿ ಹೆಸರು ಏನು ಗೊತ್ತಾ? ಖರಾಬು. ಬಿ ಖರಾಬು. ಹಳ್ಳ, ಕೆರೆ, ದಾರಿ ಎಲ್ಲ ಅದರಲ್ಲೇ ಬರುತ್ತೆ. ರಸ್ತೆಗೆ ಜಮೀನು ತಗೊಳ್ಳುವಾಗ ಪಟ್ಟಾ ಜಮೀನಿನವರಿಗೆ ನೋಟಿಸ್ ಬರುತ್ತೆ, ಪರಿಹಾರ ಬರುತ್ತೆ, ಕಡಿಮೆ ಆಯ್ತು ಅಂದರೆ ಕೋರ್ಟಿಗೆ ಹೋಗುತ್ತಾರೆ. ಖರಾಬಿಗೆ ಮಾಲೀಕ ಸರ್ಕಾರ. ಸರ್ಕಾರ ಸರ್ಕಾರಕ್ಕೆ ಕೊಟ್ಟುಕೊಂಡರೆ ಕೇಳೋರು ಯಾರು? ಅಲ್ಲಿ ಮೂವತ್ತು ವರ್ಷದಿಂದ ಮೇಕೆ ಮೇಯಿಸಿದವಳಿಗೆ, ಬಗರ್ ಹುಕುಂ ಅರ್ಜಿ ಹಾಕಿ ಕಾದು ಕೂತವನಿಗೆ ಒಂದು ಕಾಗದವೂ ಬರಲ್ಲ. ಲೆಕ್ಕದಲ್ಲಿ ಅದು ಖಾಲಿ ಜಾಗ. ಹಾಗಾಗಿ ಸೇತುವೆ ಕೆಲಸ ಶುರುವಾದ ದಿನವೇ ಜಲ್ಲಿ, ಕಬ್ಬಿಣ, ಶೆಡ್ಡು, ಮಿಕ್ಸರ್ ತೊಳೆದ ನೀರು ಎಲ್ಲಾ ಬಂದು ಬೀಳೋದು ಅಲ್ಲಿಗೇ.

ನಮ್ಮ ಕಡೆಯ ಒಂದು ಹಳ್ಳದ ಸೇತುವೆ ವಿಷಯ. ಊರಿನ ಹೆಸರು ಬೇಡ, ಜನ ಇನ್ನೂ ಅಲ್ಲೇ ಇರಬೇಕು. ಕಂಬ ಎಬ್ಬಿಸೋಕೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದ್ದರು, ಲಾರಿ ಓಡಾಡೋಕೆ. ನೀರು ಹೋಗಲಿ ಅಂತ ಕೆಳಗೆ ಎರಡು ಸಿಮೆಂಟ್ ಪೈಪು. ನಾನು ಹೋದ ದಿನ ಆ ಊರಿನ ಹಳೇ ನೀರಗಂಟಿ, ನನಗೆ ವರಸೇಲಿ ದೊಡ್ಡಪ್ಪ ಆಗಬೇಕು, ಎಂಜಿನಿಯರ್ ಮುಂದೆ ಟವೆಲ್ ಕೈಲಿ ಹಿಡ್ಕೊಂಡು ನಿಂತಿದ್ದ. "ಸಾ, ಮೇಲಿನ ಕೆರೆ ಕೋಡಿ ಬಿದ್ರೆ ಈ ಎರಡು ಪೈಪು ಯಾತಕ್ಕೂ ಸಾಲಕಿಲ್ಲ. ಮಳೆಗಾಲಕ್ಕೆ ಮುಂಚೆ ಈ ಮಣ್ಣ ತೆಗುಸ್ಬುಡಿ." ಆ ಯುವಕ ಒಳ್ಳೆಯವನೇ ಇರಬೇಕು, ನಗುತ್ತಾ, "ಯಜಮಾನ್ರೇ, ಎಲ್ಲಾ ಡಿಸೈನ್ ಆಗಿದೆ" ಅಂದ. ಕಂಬ ಎದ್ದಿತು, ಮೇಲೆ ಗರ್ಡರ್ ಕೂತಿತು, ಒಡ್ಡು ಮಾತ್ರ ಹಾಗೇ ಉಳೀತು. ಮಳೆ ಬಂತು. ಕಸಕಡ್ಡಿ ಕಟ್ಟಿಕೊಂಡು ಪೈಪು ಮುಚ್ಚಿಹೋದವು, ನೀರು ಹಿಂದಕ್ಕೆ ತಿರುಗಿ ಕೇರಿಗೆ ನುಗ್ಗಿತು. ರಾಗಿ ಮೂಟೆ ನೆನೆಯಿತು, ಮಕ್ಕಳ ಪುಸ್ತಕ ನೆನೆಯಿತು. ಕೇಳೋಕೆ ಹೋದರೆ ಉತ್ತರ: "ನೀವು ತಗ್ಗಲ್ಲಿ ಮನೆ ಕಟ್ಕೊಂಡ್ರೆ ನಾವೇನ್ರಿ ಮಾಡೋದು?"

ತಗ್ಗಲ್ಲಿ ಇಟ್ಟವರು ಯಾರು ಸ್ವಾಮಿ?

ಹೊಸಬರಿಗೆ ಗೊತ್ತಿರಲಿ: ನೀರಗಂಟಿ ಅಂದರೆ ಕೆರೆಯ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುತ್ತಿದ್ದ ಊರಿನ ಆಳು. ಹಳೇ ಮೈಸೂರಿನ ಬಹುಪಾಲು ಹಳ್ಳಿಗಳಲ್ಲಿ ಆ ಕೆಲಸ ನಮ್ಮವರದು. ವಿಪರ್ಯಾಸ ನೋಡಿ, ಕುಡಿಯೋಕೆ ಬಾವಿ ಮುಟ್ಟಬಾರದು, ಆದರೆ ಇಡೀ ಊರಿನ ಗದ್ದೆಗೆ ನೀರು ಬಿಡೋದು ನಮ್ಮ ಕೈ. ಮಳೆ ಹೊಡೆಯೋ ರಾತ್ರಿ ಏರಿ ಮೇಲೆ ಕಂಬಳಿ ಹೊದ್ದು ಕಾವಲು ಕೂರೋನು ಅವನೇ. ನೀರು ಎಲ್ಲಿಂದ ಬಂದು ಯಾವ ಮೂಲೆಯಲ್ಲಿ ತಿರುಗುತ್ತೆ, ಎಷ್ಟು ವರ್ಷಕ್ಕೊಮ್ಮೆ ಎಲ್ಲಿವರೆಗೆ ಏರುತ್ತೆ ಅನ್ನೋದು ಅವನ ಕಾಲಿಗೆ ಗೊತ್ತು. ಸಾಮಾನ್ಯವಾಗಿ ಮಳೆ ಅಂಕಿ ಅಂಶ, ಹಳ್ಳದ ಹರವು ಹಿಡಿದು ಲೆಕ್ಕ ಹಾಕಿ ಮೋರಿಯ ಅಗಲ ತೀರ್ಮಾನ ಮಾಡುತ್ತಾರೆ. ಹಾಕಲಿ, ಆ ಲೆಕ್ಕ ಬೇಕು. ಆದರೆ ಸಣ್ಣ ಹಳ್ಳಗಳಿಗೆ ನೀರಿನ ಮಟ್ಟ ಅಳೆದ ದಾಖಲೆಯೇ ಇರಲ್ಲ. ಅಲ್ಲಿ ಇರೋ ದಾಖಲೆ ಅಂದರೆ ಈ ಮನುಷ್ಯರೇ. ಅವರನ್ನು ಕೇಳದೆ ಮಾಡಿದ ಡಿಸೈನು ಅರ್ಧ ಡಿಸೈನು.

ಇನ್ನು ಕಾನೂನು. ನಮ್ಮಲ್ಲಿ ಕಾನೂನು ಇದೆಯಲ್ಲ ಅಂತ ಗೆಳೆಯರು ಹೇಳ್ತಾರೆ. 2017ರ ಜೌಗು ಪ್ರದೇಶ ಸಂರಕ್ಷಣಾ ನಿಯಮಗಳನ್ನು ತೆಗೆದು ಓದಿ. ಜೌಗು ಪ್ರದೇಶ ಅಂದರೆ ಏನು ಅಂತ ಹೇಳಿ, ಆಮೇಲೆ ಏನೇನು ಅಲ್ಲ ಅಂತ ಪಟ್ಟಿ ಕೊಟ್ಟಿದ್ದಾರೆ: ನದಿ ಪಾತ್ರ ಅಲ್ಲ, ಭತ್ತದ ಗದ್ದೆ ಅಲ್ಲ, ಕುಡಿಯುವ ನೀರಿಗೆ ಅಂತ ಕಟ್ಟಿದ ಕೆರೆ ಅಲ್ಲ, ನೀರಾವರಿಗೆ ಅಂತ ಕಟ್ಟಿದ್ದೂ ಅಲ್ಲ. ನಮ್ಮ ಶಿಂಷಾ ಹೊಳೆ ಹೋಯ್ತು, ಗದ್ದೆ ಬಯಲು ಹೋಯ್ತು, ಸೂಳೆಕೆರೆ ಹೋಯ್ತು. ಮಂಡ್ಯ ಜಿಲ್ಲೆಯಲ್ಲಿ ಇನ್ನೇನು ಉಳಿದಿದೆ? ರಂಗನತಿಟ್ಟು. 2022ರಲ್ಲಿ ಅದಕ್ಕೆ ರಾಮ್ಸರ್ ಪಟ್ಟ ಸಿಕ್ಕಿತು, ಕರ್ನಾಟಕಕ್ಕೇ ಮೊದಲನೆಯದು. ಸಂತೋಷ. ಆದರೆ ಹಕ್ಕಿ ಬೇಲಿ ನೋಡಿಕೊಂಡು ಮೇಯಲ್ಲ. ಕೊಕ್ಕರೆ ಬೆಳ್ಳೂರಿನ ಮನೆ ಹಿಂದಿನ ಹುಣಸೆ ಮರದಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮೀನು ಹಿಡಿಯೋಕೆ ಹೋಗೋದು ಶಿಂಷಾಗೆ, ಮದ್ದೂರು ಕೆರೆಗೆ, ಸೂಳೆಕೆರೆಗೆ. 2007ರಲ್ಲಿ ಆ ಊರನ್ನು ಸಮುದಾಯ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. 2017ರ ಡಿಸೆಂಬರಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉದುರಿ ಸತ್ತವು. ಪರೀಕ್ಷೆ ಮಾಡಿದರೆ ಹೊಟ್ಟೆ ತುಂಬ ಜಂತುಹುಳ, ಮೀನಿನಿಂದ ಬಂದದ್ದು. ಗೂಡಿಗೆ ರಕ್ಷಣೆ ಕೊಟ್ಟು ತಟ್ಟೆಗೆ ಕೊಡದಿದ್ದರೆ ಇನ್ನೇನಾಗುತ್ತೆ? ಅದೇ ಕೆರೆಯ ಮೀನನ್ನು ನಾವೂ ತಿಂತೀವಿ, ನೆನಪಿರಲಿ.

ಮಣ್ಣಿನ ಕಥೆ ಇನ್ನೊಂದು. ಹೆದ್ದಾರಿ ಎತ್ತರಿಸೋಕೆ, ಸೇತುವೆಯ ಎರಡು ಕಡೆ ಏರು ಕಟ್ಟೋಕೆ ಲಕ್ಷಾಂತರ ಲೋಡು ಮಣ್ಣು ಬೇಕು. ಎಲ್ಲಿಂದ? ದಿಣ್ಣೆ ಬಗೆದು, ಗೋಮಾಳ ಬಗೆದು, ಕೆರೆ ಅಂಗಳ ಬಗೆದು. 2020ರ ಮಾರ್ಚ್‌ನಲ್ಲಿ, ಎಲ್ಲರೂ ಕೊರೊನಾ ಗಾಬರಿಯಲ್ಲಿ ಮನೆ ಸೇರಿದ್ದಾಗ, ರಸ್ತೆಯಂಥ ಕಾಮಗಾರಿಗೆ ಮಣ್ಣು ತೆಗೆಯೋಕೆ ಪರಿಸರ ಅನುಮತಿ ಬೇಡ ಅಂತ ಕೇಂದ್ರ ಅಧಿಸೂಚನೆ ಹೊರಡಿಸಿತು. ಜನರ ಆಕ್ಷೇಪಣೆಯನ್ನೂ ಕೇಳಲಿಲ್ಲ. ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಆ ವಿನಾಯಿತಿಯನ್ನು ರದ್ದು ಮಾಡಿತು. ನಾಲ್ಕು ವರ್ಷ! ನಮ್ಮ ಹೆದ್ದಾರಿ ಎದ್ದು ನಿಂತದ್ದು ಆ ನಾಲ್ಕು ವರ್ಷದ ಒಳಗೇ ಅನ್ನೋದನ್ನ ನಾನು ಸುಮ್ಮನೆ ಹೇಳ್ತಿಲ್ಲ. ಇತ್ತ ರಾಜ್ಯದ ಕಡೆ ನೋಡಿದರೆ, ಕೆರೆ ಸುತ್ತ 30 ಮೀಟರ್ ಬಿಡಬೇಕು ಅಂತಿದ್ದ ಕೆರೆ ಪ್ರಾಧಿಕಾರದ ಕಾಯ್ದೆಗೆ, ಕೆರೆಯ ಗಾತ್ರ ನೋಡಿ ಆ ಅಂಚನ್ನು ಕಡಿಮೆ ಮಾಡೋ ತಿದ್ದುಪಡಿಯನ್ನು 2025ರಲ್ಲಿ ವಿಧಾನಸಭೆ ಪಾಸು ಮಾಡಿತು. ಅಲ್ಲಿ ಒಂದು ಪಕ್ಷ, ಇಲ್ಲಿ ಇನ್ನೊಂದು ಪಕ್ಷ. ಹಳ್ಳದ ವಿಷಯಕ್ಕೆ ಬಂದರೆ ಇಬ್ಬರೂ ಅಣ್ತಮ್ಮಂದಿರು.

ಬೇರೆ ಥರ ಕಟ್ಟೋಕೆ ಆಗಲ್ವಾ ಅಂದರೆ ಆಗುತ್ತೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಗದ್ದೆ ಬಯಲಿಗೆ ಮಣ್ಣು ತುಂಬಿ ಎಬ್ಬಿಸಿದ್ದ ರಾಷ್ಟ್ರೀಯ ಹೆದ್ದಾರಿ 66, 2025ರ ಮೇ 19ರಂದು ಕುಸಿದು ಬಿತ್ತು. ಜೌಗು ನೆಲ ಆ ಭಾರ ತಡೆಯಲಿಲ್ಲ. ಆಮೇಲೆ ಅಲ್ಲಿ ಮಣ್ಣಿನ ಬದಲು ಕಂಬದ ಮೇಲೆ ರಸ್ತೆ, ಅದೂ ಗುತ್ತಿಗೆದಾರನ ಖರ್ಚಲ್ಲಿ ಅಂತ ತೀರ್ಮಾನ ಆಯ್ತು. ಕಂಬದ ಮೇಲೆ ಕಟ್ಟಿದರೆ ನೀರಿಗೆ ದಾರಿ, ಜನಕ್ಕೆ ದಾರಿ, ದನಕ್ಕೆ ದಾರಿ. ದುಬಾರಿ ಅಂತಾರೆ. ನಮ್ಮ ಮದ್ದೂರು ಪೇಟೆ ಮೇಲೆ ಅಷ್ಟುದ್ದ ಕಂಬದ ಮೇಲೇ ತಗೊಂಡು ಹೋದರಲ್ಲ, ಅಂಗಡಿ ಮಳಿಗೆಗೆ ಕೊಟ್ಟ ಮರ್ಯಾದೆ ಗದ್ದೆ ಬಯಲಿಗೆ, ಕೇರಿಗೆ ಯಾಕಿಲ್ಲ? ಅದೇ ಹೆದ್ದಾರಿ 66ರಲ್ಲಿ, ನಮ್ಮ ಅಂಕೋಲದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ಗಂಗಾವಳಿ ಹೊಳೆಗೆ ಬಿದ್ದಾಗ, ನೀರು ಉಕ್ಕಿ ಎದುರು ದಂಡೆಯ ಉಳುವರೆಯ ಮನೆಗಳನ್ನೂ ಬಡಿಯಿತು. ಆ ಜನಕ್ಕೂ ರಸ್ತೆಗೂ ಮಧ್ಯೆ ಒಂದು ಇಡೀ ಹೊಳೆ ಇತ್ತು.

"ಅಣ್ಣಾ, ನೀನು ಅಭಿವೃದ್ಧಿ ವಿರೋಧಿ ಆದ್ಯಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ರಸ್ತೆ ಬೇಕು ಕಣ್ರಪ್ಪ. ರಸ್ತೆ ಬಂದ ಮೇಲೇ ನಮ್ಮ ಹುಡುಗರು ಗೌಡರ ಗದ್ದೆ ಬಿಟ್ಟು ಬೆಂಗಳೂರು ಬಸ್ಸು ಹತ್ತಿದ್ದು. ಹಳ್ಳಿಯನ್ನು ಹೊಗಳೋ ಚಟ ಬಾಬಾಸಾಹೇಬರಿಗೂ ಇರಲಿಲ್ಲ, ನನಗೂ ಇಲ್ಲ. ಆದರೆ ನೆನಪಿಡಿ, 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿ ನೀರಾವರಿ ಖಾತೆಯನ್ನೂ ನೋಡಿಕೊಂಡವರು ಅವರು. ದಾಮೋದರ ನದಿಯನ್ನು ಬಿಹಾರ, ಬಂಗಾಳ ಅಂತ ತುಂಡು ಮಾಡದೆ ಮೂಲದಿಂದ ತುದಿವರೆಗೆ ಒಂದಾಗಿ ನೋಡಬೇಕು ಅಂದವರು. ಇವತ್ತಿನ ಹೆದ್ದಾರಿ ಎಂಜಿನಿಯರುಗಳು ಹೊಳೆಯನ್ನು ಸೇತುವೆಯ ಉದ್ದದಷ್ಟು ಮಾತ್ರ ನೋಡ್ತಾರೆ. ಅಂದಹಾಗೆ 2023ರ ಆಗಸ್ಟ್ 1ರಿಂದ ನಮ್ಮ ಬೈಕು, ಆಟೊ, ಟ್ರ್ಯಾಕ್ಟರ್ ಆ ಮುಖ್ಯ ರಸ್ತೆ ಹತ್ತಂಗಿಲ್ಲ. ನೀರು ಮಾತ್ರ ನಮ್ಮ ಕಡೆಗೆ ಬರಬಹುದು, ಅದಕ್ಕೆ ನಿರ್ಬಂಧ ಇಲ್ಲ.

ನರೇಗಾದಲ್ಲಿ ಒಂದು ಕೃಷಿ ಹೊಂಡ ತೋಡಿದರೂ ಗ್ರಾಮಸಭೆಯಲ್ಲಿ ಸೋಷಿಯಲ್ ಆಡಿಟ್ ಮಾಡ್ತಿದ್ದರು. ಕೂಲಿಯವರ ಸಹಿ ಸರಿ ಇದೆಯಾ ಅಂತ ಒಂದೊಂದು ಹಾಳೆ ತಿರುವಿ ನೋಡ್ತಿದ್ದರು. ಸಾವಿರಾರು ಕೋಟಿಯ ಹೆದ್ದಾರಿಗೆ ಅದಿಲ್ಲ. ಇರಬೇಕು ಅನ್ನೋದು ನನ್ನ ಮಾತು. ಕಂಬಕ್ಕೆ ಗುಂಡಿ ತೋಡೋ ಮುಂಚೆ ಎಂಜಿನಿಯರು ಕೇರಿಯವರ ಜೊತೆ, ನೀರಗಂಟಿಯ ಜೊತೆ ಹಳ್ಳದುದ್ದಕ್ಕೂ ನಡೀಬೇಕು. ಅವರು ಹೇಳಿದ್ದನ್ನು ಬರ್ಕೊಂಡು, ಓದಿ ಹೇಳಿ, ಸಹಿ ಹಾಕಿಸಬೇಕು. ತಾತ್ಕಾಲಿಕ ಒಡ್ಡು ಯಾವ ತಾರೀಖಿಗೆ ತೆಗೀತೀವಿ ಅಂತ ಸೇತುವೆ ಪಕ್ಕದ ಬೋರ್ಡಲ್ಲಿ ಕನ್ನಡದಲ್ಲಿ ಇರಬೇಕು, ಅದು ಮೇ ತಿಂಗಳು ದಾಟಬಾರದು, ತೆಗೆಯದಿದ್ದರೆ ಬಿಲ್ ತಡೀಬೇಕು. ಮಣ್ಣು ಯಾವ ಸರ್ವೆ ನಂಬರಿನದು ಅಂತ ಪಂಚಾಯ್ತಿ ಗೋಡೆ ಮೇಲೆ ಅಂಟಿಸಬೇಕು. ಸ್ಮಶಾನ ಇದ್ದರೆ, ಕಾಗದದಲ್ಲಿ ಇಲ್ಲದಿದ್ದರೂ, ಇದೆ ಅಂತ ಒಪ್ಪಬೇಕು. ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ. ಟೆಂಡರ್ ಷರತ್ತಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು.

ನಮ್ಮ ಸಂಘಟನೆಗಳಿಗೂ ಒಂದು ಕೆಲಸ ಇದೆ. ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕಲ್ಲಿ ನಿಮ್ಮ ಊರ ಹತ್ತಿರ ಎಲ್ಲೇ ಸೇತುವೆ, ಮೋರಿ ಕೆಲಸ ನಡೀತಿದ್ದರೂ ಈ ಮಳೆಗೆ ಮುಂಚೆ ಹೋಗಿ ನೋಡಿ. ಹಳ್ಳದಲ್ಲಿ ಒಡ್ಡು ಇನ್ನೂ ಇದೆಯಾ, ಪೈಪು ಎಷ್ಟು, ಜಲ್ಲಿ ಸಿಮೆಂಟು ದಂಡೆ ಮೇಲೆ ಬಿದ್ದಿದೆಯಾ ಅಂತ ನೋಡಿ ತಾರೀಖು ಕಾಣೋ ಹಾಗೆ ಫೋಟೊ ತೆಗೀರಿ. ಜೊತೆಗೆ ಊರಿನ ಹಳೇ ನೀರಗಂಟಿಯನ್ನು ಕೂರಿಸಿಕೊಂಡು ಹತ್ತು ನಿಮಿಷ ಅವರ ಮಾತು ಮೊಬೈಲಲ್ಲಿ ರೆಕಾರ್ಡ್ ಮಾಡಿ; ಎಷ್ಟೋ ಊರಲ್ಲಿ ಒಬ್ಬರೇ ಉಳಿದಿದ್ದಾರೆ, ಕೆಲವು ಕಡೆ ಅವರೂ ಇಲ್ಲ. ನನಗೆ ಇನ್‌ಬಾಕ್ಸ್ ಮಾಡಿ. ಎಲ್ಲಾ ಸೇರಿಸಿ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಒಟ್ಟಿಗೆ ಹೋಗೋಣ. ಬರೋರು ಕಾಮೆಂಟಲ್ಲಿ ನಿಮ್ಮ ಊರಿನ ಹೆಸರು ಹಾಕಿ.